ಅರಿಶಿನದ ನೂಲು, ಸುಣ್ಣದ ಬೆರಳು

ಬರಿಯ ಮೇಜು ಕಣ್ಣಿಗೆ ಬಿದ್ದರೆ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳಿಗೆ ಮೈಮೇಲೆ ಬಟ್ಟೆಯಿಲ್ಲದವರನ್ನು ಕಂಡಷ್ಟು ಮುಜುಗರ. ಹಾಗಾಗಿ ವ್ಯಾಕರಣ ಬಾರದ ಹುಡುಗಿಯರಿಗೂ ಕ್ರೋಶಾ ಹೆಣಿಗೆ ಮಾತ್ರ ಬರಲೇಬೇಕಿತ್ತು. ಐವತ್ತರ ದಶಕದಲ್ಲಿ ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಆ ಕೊಕ್ಕೆಯ ಕಡ್ಡಿಯೂ ಇತ್ತು. ಆಗಿನ ರಾಜಾಜಿನಗರವೆಂದರೆ ಕಲ್ಲು ನೆಟ್ಟು ಗುರುತು ಮಾಡಿದ ಸೈಟುಗಳು, ಅಲ್ಲೊಂದು ಇಲ್ಲೊಂದು ಮನೆ, ಹಿತ್ತಲಿನಾಚೆ ರಾಗಿ ಹೊಲ. ನಮ್ಮ ಮನೆಯಲ್ಲಿದ್ದ ಮೇಜು ಒಂದೇ. ಅದು ಯಜಮಾನರ ಕ್ಷೌರದ ಸಾಮಾನಿಗೆ ಮೀಸಲಾಗಿತ್ತು.

ಅದಕ್ಕೊಂದು ಹೊದಿಕೆ ಬೇಕೆಂದು ನಮ್ಮ ಅತ್ತೆಗೆ ಹೊಳೆದದ್ದು ನಾದಿನಿಯನ್ನು ನೋಡಲು ಕೆಂಗೇರಿಯಿಂದ ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾದಾಗ. ಅದಕ್ಕೆ ಮೊದಲು ಬಂದವರೆಲ್ಲ ಕೇಸರಿಬಾತು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆಂದು ಹೇಳಿ ಹೋಗಿದ್ದರು. ತಿಳಿಸಿರಲಿಲ್ಲ. ನಾದಿನಿ ಆಗೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಆದರೆ ಈ ಹುಡುಗನನ್ನು ಅವಳು ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ನೋಡಿದ್ದಳು. ದೊಡ್ಡವರು ಚಿಕ್ಕವರೆನ್ನದೆ ಎಲ್ಲರ ಎಲೆಗೂ ಒಂದೇ ಸಮ ತುಪ್ಪ ಬಡಿಸಿದನಂತೆ. ಅವನ ಬಗ್ಗೆ ನನ್ನೊಬ್ಬಳ ಹತ್ತಿರ ಅವಳು ಹೇಳಿದ್ದು ಅಷ್ಟೇ. ಇವರೂ ಕೇಸರಿಬಾತು ತಿಂದು ಸುಮ್ಮನಾಗಿಬಿಟ್ಟರೆ ಎಂದು ಅವಳಿಗೆ ದಿಗಿಲಾಗಿತ್ತು ಎನ್ನುವುದು, ಗುಡಿಸಿದ ಮನೆಯನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದ ರೀತಿಯಲ್ಲೇ ತಿಳಿಯುತ್ತಿತ್ತು.

ಅತ್ತೆಯ ಏರ್ಪಾಡು ಸರಳವಾಗಿತ್ತು. ಹೆಣೆಯುವವಳು ನಾನು, ಹೆಣೆದವಳು ಅವಳು. ಆಗ ಎಲ್ಲ ಮನೆಗಳಲ್ಲೂ ನಡೆಯುತ್ತಿದ್ದದ್ದು ಅದೇ. ಗೋಡೆಯ ಮೇಲಿನ ಮಣಿಯ ಗಿಳಿಯಿಂದ ತಟ್ಟೆಯಲ್ಲಿನ ಚಕ್ಕುಲಿಯವರೆಗೆ ಸಕಲವನ್ನೂ ‘ನಮ್ಮ ಹುಡುಗೀನೇ ಮಾಡಿದ್ದು’ ಎನ್ನುವುದು ವಾಡಿಕೆ. ಬಂದವರೂ ಅದನ್ನು ನಂಬುವಂತೆ ತಲೆಯಾಡಿಸುವುದು ವಾಡಿಕೆ.

ತೊಡಕಿದ್ದದ್ದು ಬಣ್ಣದಲ್ಲಿ. ಸಿಸ್ಟರ್‌ಗಳು ಕಲಿಸಿದ್ದು ಬಿಳಿ ನೂಲಿನಲ್ಲಿ, ಅಂಗಡಿಯಲ್ಲಿ ಸಿಕ್ಕಿದ್ದೂ ಬಿಳಿಯೇ. ಹೆಣ್ಣು ನೋಡುವ ದಿನ ಬಿಳಿ ಬಟ್ಟೆ ಹಾಸುವುದೇ ಎಂದು ಅತ್ತೆ ನನ್ನನ್ನು ದಿಟ್ಟಿಸಿದರು. ಪೊಟ್ಟಣದ ಬಣ್ಣದ ಮೇಲೆ ಅವರಿಗೆ ನಂಬಿಕೆಯಿಲ್ಲ. ಅರಿಶಿನ ಮನೆಯಲ್ಲೇ ಇದೆ, ಶುಭವೂ ಹೌದು ಎಂದು ತೀರ್ಮಾನವಾಯಿತು. ನಾನು ನೂಲಿನ ಉಂಡೆಯನ್ನು ಹಾಗೇ ಕುದಿಯುವ ಅರಿಶಿನದಲ್ಲಿ ಅದ್ದಿದೆ. ಮೇಲೆ ಚಿನ್ನದಂತೆ ಕಂಡದ್ದು ಬಿಚ್ಚುತ್ತಾ ಹೋದಂತೆ ಬೆಳ್ಳಗೆ ಹಲ್ಲು ಕಿರಿಯಿತು. ಆಮೇಲೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಬಣ್ಣ ನಿಲ್ಲಲೆಂದು ಪಟಕ ಹಾಕಿ ಮತ್ತೆ ಕುದಿಸಿ, ನೆರಳಿನಲ್ಲಿ ಒಣಗಿಸಿದ್ದಾಯಿತು. ಒಲೆಗೆ ಸೌದೆ ಹಾಕಿದವಳು ನಾದಿನಿ. ಹೆಣೆದು ಮುಗಿಸಿದಾಗ ಮೇಜಿಗೆ ಎಣ್ಣೆಸ್ನಾನದ ಕಳೆ ಬಂದಿತ್ತು.

ಕೆಂಗೇರಿಯವರು ಬಂದರು. ಹುಡುಗನ ತಂದೆ ನಿವೃತ್ತ ಅಮಲ್ದಾರರು. ನೋಡಬೇಕಾದ ಹುಡುಗಿಯರು ಇನ್ನೂ ಇದ್ದಾರೆ ಎಂದು ಜಟಕಾದಿಂದ ಇಳಿಯುವ ಮೊದಲೇ ತಿಳಿಸಿದರು. ಗಂಡಸರು ಮೇಜಿನ ಸುತ್ತ ಕುರ್ಚಿಗಳಲ್ಲಿ, ಹುಡುಗನ ತಾಯಿಯೂ ನಾದಿನಿಯೂ ಕೆಳಗೆ ಚಾಪೆಯ ಮೇಲೆ ಕೂತರು. ತಲೆ ತಗ್ಗಿಸಿಯೇ ಇರಬೇಕೆಂದು ಅತ್ತೆ ಮಗಳಿಗೆ ಹೇಳಿಕೊಟ್ಟಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

ಹುಡುಗನ ತಾಯಿ ಹೊದಿಕೆಯ ತುದಿಯನ್ನು ಬೆರಳಲ್ಲಿ ಸವರಿ, ಈ ಅಂಚು ಹೇಗೆ ಹಾಕಿದೆಯೆಂದು ಮೆಚ್ಚುಗೆಯಿಂದಲೇ ಕೇಳಿದರು. ತಲೆಯಾಡಿಸುವ ವಾಡಿಕೆಯನ್ನು ಅವರು ಪಾಲಿಸಲಿಲ್ಲ. ನಾದಿನಿಯೂ ಪಾಲಿಸಲಿಲ್ಲ.

“ನಂಗೆ ಬರಲ್ಲಮ್ಮ. ಅತ್ತಿಗೆ ಹಾಕಿದ್ದು,” ಎಂದಳು. “ನಾನು ಒಲೆಗೆ ಸೌದೆ ಹಾಕ್ದೆ, ಅಷ್ಟೆ.”

ಅತ್ತೆಗೆ ಕೆಮ್ಮು ಬಂತು. ಯಜಮಾನರು ಕಿಟಕಿಯಾಚೆಯ ಖಾಲಿ ಸೈಟನ್ನು ಕೊಳ್ಳುವವರಂತೆ ನೋಡತೊಡಗಿದರು. ಅಮಲ್ದಾರರು ಏನಾದರೂ ಮಾಡಬೇಕಲ್ಲ ಎಂದು ಎಲೆಯಡಿಕೆಯ ತಟ್ಟೆಗೆ ಕೈ ಹಾಕಿ, ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟರು. ಕೊಂಚ ಹೊತ್ತು ಬಗ್ಗಿ ಏನನ್ನೋ ನೋಡಿದರು. ಮುಖ ಬಾಡಿತು. ತೂಗುತ್ತಿದ್ದ ಅಂಚನ್ನು ಮೇಲಕ್ಕೆ ಮಡಚಿ ಅದರ ಮೇಲೆ ತಟ್ಟೆಯನ್ನು ಎಳೆದಿಟ್ಟುಕೊಂಡರು.

“ನಿಜ ಹೇಳೋ ಹುಡುಗಿ. ನಮಗೆ ಇನ್ನೇನು ಬೇಕು? ಒಪ್ಕೊಂಡ್ವಿ ಅಂತ್ಲೇ ತಿಳ್ಕೊಳ್ಳಿ,” ಎಂದವರೇ ಎದ್ದು ನಿಂತರು. ಅವರ ಹೆಂಡತಿ ಗಡಿಬಿಡಿಯಲ್ಲಿ ಸೆರಗು ಸರಿಮಾಡಿಕೊಂಡು ಎದ್ದರು. ಹುಡುಗನ ಮುಖ ಮಾತ್ರ ಅರಳಿತು. ಜಟಕಾ ತಿರುಗುವುದರೊಳಗೆ ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು.

ನಾನು ತಟ್ಟೆ ಎತ್ತಿದೆ. ಮಡಚಿದ ಅಂಚಿನೊಳಗೆ ರಕ್ತ ಮೆತ್ತಿದಂತೆ ಒಂದು ಬೆರಳಿನ ಉದ್ದಕ್ಕೆ ಕೆಂಪು ಕಲೆ. ಹಬ್ಬಕ್ಕೊಮ್ಮೆ ಅರಿಶಿನಕ್ಕೆ ಸುಣ್ಣ ಕಲಸಿ ಆರತಿಯ ಕೆಂಪು ನೀರು ಮಾಡುವವರು ನಾವು. ಆದರೂ ಅರಿಶಿನದ ಬಟ್ಟೆಯ ಪಕ್ಕದಲ್ಲೇ ಸುಣ್ಣದ ಡಬ್ಬಿ ಇಟ್ಟಿದ್ದೆವು. ಆರತಿ ಎತ್ತಿಸಿಕೊಳ್ಳುವ ಗಂಡಸರಿಗೆ ಅದನ್ನು ಕಲಸುವುದು ಹೇಗೆಂದು ಗೊತ್ತಿರುವುದಿಲ್ಲ, ಪಾಪ.

“ಸುಣ್ಣದ ಬೆರಳನ್ನ ಕಂಬಕ್ಕೆ ಒರೆಸೋ ಹಾಗೆ ಒರೆಸಿಬಿಟ್ರು ಅತ್ತಿಗೆ,” ಎಂದು ನಾದಿನಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಆಮೇಲೆ ಬೆರಳು ಕುಯ್ದಿದ್ಯಾ ಅಂತ ತಿರುಗಿಸಿ ತಿರುಗಿಸಿ ನೋಡ್ಕೊಂಡ್ರು. ತಲೆ ತಗ್ಗಿಸಿ ಕೂತ್ಕೋ ಅಂದಿದ್ರಲ್ಲ ಅಮ್ಮ, ಅದಕ್ಕೇ ಎಲ್ಲ ಕಾಣಿಸ್ತು.”

ಹಾಗಾದರೆ ಅದು ರಕ್ತವಲ್ಲ, ಸುಣ್ಣ ತಾಗಿದ್ದೆಂದು ಅವರಿಗೆ ಆಗಲೇ ಹೇಳಬಹುದಿತ್ತಲ್ಲ ಎಂದೆ.

“ಒಂದು ದಿನಕ್ಕೆ ಒಂದು ನಿಜ ಸಾಕು, ಬಿಡಿ.”

ನಗು ನಿಂತ ಮೇಲೆ, ಅವರು ಒಪ್ಪಿದ್ದು ತನ್ನನ್ನೋ ಇಲ್ಲ ಕಲೆಗೆ ಹೆದರಿ ಓಡಿದರೋ ಎಂದು ಕೇಳಿದಳು. ಹುಡುಗನ ಮುಖ ಅರಳಿದ್ದನ್ನು ಹೇಳಿದೆ. ತಲೆ ತಗ್ಗಿಸಿದ್ದರಿಂದ ಅದೊಂದು ಅವಳಿಗೆ ಕಂಡಿರಲಿಲ್ಲ.

ಆರತಿ ತಟ್ಟೆಯನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿದರೆ ಕೆಂಪು ಹಳದಿಯಾಗುವುದನ್ನು ನೋಡಿಲ್ಲವೇನೇ ಎಂದು ಅತ್ತೆ ಗದರಿದರು. ಹುಣಿಸೆ ನೀರಲ್ಲಿ ಅದ್ದಿದೆ. ಕಲೆ ಮಾಯವಾಯಿತು. ಮದುವೆಯ ನಂತರ ಹೊದಿಕೆ ಅವಳ ಪೆಟ್ಟಿಗೆಯಲ್ಲಿ ಕೆಂಗೇರಿಗೆ ಹೋಯಿತು.

ಮೊದಲ ಆಷಾಢಕ್ಕೆ ತವರಿಗೆ ಬಂದವಳು ಮೈಕೈ ತುಂಬಿಕೊಂಡಿದ್ದಳು. ಗಂಡ ತುಪ್ಪ ಬಡಿಸುವುದರಲ್ಲಿ ಈಗ ಸ್ವಲ್ಪ ಪಕ್ಷಪಾತ ಮಾಡುತ್ತಾನಂತೆ. ಮಾವನವರು ಹೇಗೆ ಎಂದು ಕೇಳಿದೆ.

“ಪೇಪರ್ ಓದೋ ನೆಪದಲ್ಲಿ ದಿನಾ ಆ ಅಂಚು ತಿರುಗಿಸಿ ತಿರುಗಿಸಿ ನೋಡ್ತಾರೆ. ಕಲೆ ಸಿಗ್ತಾ ಇಲ್ಲ.”

“ಹೇಳಿಬಿಡಬಾರದೇನೇ, ಪಾಪ.”

“ಹುಡುಕ್ಲಿ ಬಿಡಿ ಅತ್ತಿಗೆ. ಸಿಗೋವರ್ಗೂ ಆ ಅಳುಕಲ್ಲಿ ಅವರು ನನ್ನನ್ನ ಏರು ದನಿಯಲ್ಲಿ ಮಾತಾಡ್ಸಲ್ಲ.”