ಸಾಂಝಿಗೆ ಮಣ್ಣಿನ ನಕ್ಷತ್ರಗಳು

ದೆಹಲಿಯ ಶಾಲೆಗಳು ಮಕ್ಕಳಿಗೆ ಕೊಡುವ ಕ್ರಾಫ್ಟ್ ಎಂದರೆ ತಾಯಂದಿರಿಗೆ ವಿಧಿಸುವ ಶಿಕ್ಷೆ. ಆಗಸ್ಟಿನಲ್ಲಿ ರಾಖಿ, ದೀಪಾವಳಿಗೆ ಬಣ್ಣದ ಹಣತೆ, ಡಿಸೆಂಬರಿನಲ್ಲಿ ಹತ್ತಿಯ ಹಿಮ ಅಂಟಿಸಿದ ಥರ್ಮೋಕೋಲ್ ಮನೆ. ಹಿಮ ಕಂಡವರು ನಮ್ಮ ವಂಶದಲ್ಲೇ ಯಾರೂ ಇರಲಿಲ್ಲ. ನಾನು ಗೋಂದು ಮೆತ್ತಿದ ಬೆರಳುಗಳಲ್ಲಿ ಕತ್ತರಿ ಆಡಿಸುತ್ತಿದ್ದೆ, ಒಂದನೇ ಕ್ಲಾಸಿನ ಮಗಳು ಪಕ್ಕದಲ್ಲಿ ಟಿವಿ ನೋಡುತ್ತಿದ್ದಳು, ಮಾರನೆಯ ದಿನ ಟೀಚರ್ ಅವಳಿಗೆ 'ವೆರಿ ಗುಡ್' ಕೊಡುತ್ತಿದ್ದರು. ಅವಳು ನಿಜವಾಗಿ ತನ್ನ ಕೈಯಿಂದಲೇ ಏನಾದರೂ ಮಾಡಿದ್ದು ಆ ವರ್ಷದ ನವರಾತ್ರಿಯಲ್ಲಿ, ಕೆಳಗಿನ ಮನೆಯ ಅಂಗಳದಲ್ಲಿ. 

ನನ್ನ ಗಂಡನಿಗೆ ಹೌಜ್ ಖಾಸ್ ಕಡೆ ಆಫೀಸು. ಸರ್ಕಾರಿ ಕ್ವಾರ್ಟರ್ಸ್ ಸಿಗುವವರೆಗೆ ಎಂದು ಹತ್ತಿರದ ಒಂದು ಹಳ್ಳಿಯಲ್ಲಿ ಮಹಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಹಳ್ಳಿ ಎನ್ನುವುದು ಹೆಸರಿಗೆ. ಹೊಲಗಳ ಮೇಲೆ ಕಾಲೋನಿಗಳು ಎದ್ದು, ಕೆರೆ ಪಾರ್ಕಿಂಗ್ ಜಾಗವಾಗಿ, ಉಳಿದಿದ್ದದ್ದು ಇಕ್ಕಟ್ಟಿನ ಗಲ್ಲಿಗಳು, ಮೆಟ್ರೋ ಅಗೆತದ ಧೂಳು ಮತ್ತು ಅಮ್ಮಾಜಿಯ ಎರಡು ಎಮ್ಮೆಗಳು. ಅಮ್ಮಾಜಿ ನಮ್ಮ ಮನೆಯ ಒಡತಿ. ಕೆಳಗೆ ಅವರೊಂದಿಗೆ ಟ್ಯಾಕ್ಸಿಗಳನ್ನು ಇಟ್ಟುಕೊಂಡಿದ್ದ ಮಗ, ಸೊಸೆ, ಇನ್ನೂ ಶಾಲೆಗೆ ಹೋಗದ ಮೊಮ್ಮಗ ಇದ್ದರು. ಸೊಸೆ ಆಗ ಬಸುರಿ, ಹೊಟ್ಟೆ ಕಾಣತೊಡಗಿತ್ತು.

ಪಿತೃಪಕ್ಷದ ಒಂದು ಮಧ್ಯಾಹ್ನ ಅಮ್ಮಾಜಿ ಮೆಟ್ಟಿಲ ಕೆಳಗೆ ನಿಂತು ಕೂಗಿದರು. ಅವರದು ಹರಿಯಾಣದ ಗಡಸು ಹಿಂದಿ, ನನ್ನ ಮಗಳು ಅವರ ಬಾಯಲ್ಲಿ ಗುಡಿಯಾ. "ಗುಡಿಯಾನ ಕಳಿಸಮ್ಮ! ಸಾಂಝಿ ಮಾಡಬೇಕು. ನಮ್ಮ ಮನೇಲಿ ಹೆಣ್ಣುಮಗು ಇಲ್ಲ."

ಸಾಂಝಿ ಎಂದರೆ ಆ ಕಡೆಯ ಹೆಣ್ಣುಮಕ್ಕಳ ದೇವಿ. ಮಣ್ಣಿನಲ್ಲಿ ಅವಳ ಮುಖ, ಕೈಕಾಲು, ಒಡವೆ, ಸುತ್ತಲಿನ ಚಂದ್ರ ನಕ್ಷತ್ರಗಳನ್ನೆಲ್ಲ ಬಿಡಿಬಿಡಿಯಾಗಿ ಮಾಡಿ, ಒಣಗಿಸಿ, ಬಣ್ಣ ಬಳಿದು, ನವರಾತ್ರಿ ಶುರುವಾಗುವಾಗ ಸಗಣಿಯಿಂದ ಗೋಡೆಗೆ ಮೆತ್ತುತ್ತಾರೆ. ದಸರೆಯವರೆಗೆ ದಿನಾ ಸಂಜೆ ಹುಡುಗಿಯರು ಅವಳಿಗೆ ಆರತಿ ಎತ್ತಿ ಹಾಡಬೇಕು. ಮದುವೆಯಾಗದ ಹುಡುಗಿಯರ ಕೈಯೇ ಆಗಬೇಕು. ಪಿತೃಪಕ್ಷದಲ್ಲಿ ದೇವರ ಕೆಲಸವೇ ಎಂದು ನನಗೆ ಕಸಿವಿಸಿಯಾಯಿತು. ಆದರೆ ಮಗಳು ಆಗಲೇ ಚಪ್ಪಲಿ ಬಿಟ್ಟು ಕೆಳಗೆ ಓಡಿದ್ದಳು.

ಕಲಿಸಿದ್ದು ಸೊಸೆ. ತವರೂರಿನಲ್ಲಿ ಅವಳ ಸಾಂಝಿಯನ್ನು ನೋಡಲು ಬೇರೆ ಬೀದಿಯವರೂ ಬರುತ್ತಿದ್ದರಂತೆ. ಮಣ್ಣನ್ನು ನಾವು ಚಪಾತಿ ಹಿಟ್ಟು ನಾದುವಂತೆ ನಾದಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಅಂಗೈಯಲ್ಲಿ ತಟ್ಟಿ, ಅಂಚನ್ನು ಚಿವುಟಿದರೆ ನಕ್ಷತ್ರ. ಮಗಳು ಚಿವುಟಿದ್ದಕ್ಕೆ ಒಂದರಲ್ಲಿ ನಾಲ್ಕು ಮೂಲೆ, ಇನ್ನೊಂದರಲ್ಲಿ ಏಳು. ನಾನು ಸರಿಪಡಿಸಲು ಕೈ ಚಾಚಿದೆ, ಶಾಲೆಯ ಕ್ರಾಫ್ಟಿನ ಚಾಳಿ. ಸೊಸೆ ನನ್ನ ಕೈಯನ್ನು ಮೆಲ್ಲಗೆ ತಳ್ಳಿದಳು.

"ಬಿಡಿ ದೀದಿ, ಅವಳದ್ದು ಅವಳು ಮಾಡಲಿ. ಮದುವೆಯಾಗಿ ನಿಮ್ಮ ಕಾಲ ಮುಗೀತು, ನನ್ನದೂ ಮುಗೀತು."

"ಅಮ್ಮ, ಯೇ ದೇಖೋ! ನಾನೇ ಮಾಡಿದ್ದು!" ಎಂದು ಮಗಳು ಕೆನ್ನೆಗೆಲ್ಲ ಮಣ್ಣು ಬಳಿದುಕೊಂಡು ಕುಣಿದಳು. ಶಾಲೆಯ 'ವೆರಿ ಗುಡ್' ತಂದ ದಿನಗಳಲ್ಲಿ ಅವಳು ಹೀಗೆ ಕುಣಿದಿರಲಿಲ್ಲ.

ತಾರಸಿಯ ಮೇಲೆ ನಕ್ಷತ್ರಗಳು ಒಣಗಿದವು. ನಾನೂ ಸೊಸೆಯೂ ಸುಣ್ಣ, ಕೆಮ್ಮಣ್ಣು, ಅರಿಶಿನ ಕಲಸಿ ಕೊಟ್ಟೆವು, ಮಗಳು ಬಳಿದಳು. ಅಮ್ಮಾಜಿ ಎಮ್ಮೆಯ ಹಾಲು ಕರೆಯಲು ಹೋದ ಹೊತ್ತು ನೋಡಿ ಸೊಸೆ ಪಿಸುಗುಟ್ಟಿದಳು. "ದೀದಿ, ಯಾರಿಗೂ ಹೇಳಬೇಡಿ. ನನಗೆ ಹೆಣ್ಣೇ ಬೇಕು. ಹೋದ ಸಲದ್ದು ನಿಲ್ಲಲಿಲ್ಲ. ಇದು ನಿಂತರೆ, ಸಾಂಝಿಗೆ ನಮ್ಮ ಮನೆಯವಳೇ ಇರ್ತಾಳೆ." ನಿಲ್ಲಲಿಲ್ಲ ಎನ್ನುವಾಗ ಅವಳು ನನ್ನ ಮುಖ ನೋಡಲಿಲ್ಲ.  ಆ ದಿನಗಳಲ್ಲಿ ಸ್ಕ್ಯಾನಿಂಗ್ ಮಾಡುವ ಕಡೆಯೆಲ್ಲ 'ಇಲ್ಲಿ ಗಂಡು ಹೆಣ್ಣು ಹೇಳುವುದಿಲ್ಲ' ಎಂಬ ಬೋರ್ಡು ಇರುತ್ತಿತ್ತು, ಒಳಗೆ ಹೇಳುತ್ತಾರೆಂದು ತರಕಾರಿ ಗಾಡಿಯ ಭಯ್ಯಾನಿಗೂ ಗೊತ್ತಿತ್ತು. ಅವರನ್ನು ಮಾತ್ರ ಏಕೆ ಆಡಿಕೊಳ್ಳಲಿ? ಮೈಸೂರಿನಿಂದ ನಮ್ಮತ್ತೆ ಫೋನ್ ಮಾಡಿದಾಗಲೆಲ್ಲ, "ಎರಡನೇದು ಗಂಡಾಗಲಿ ಅಂತ ಹರಕೆ ಹೊತ್ತಿದೀನಿ ಕಣೇ" ಎನ್ನದೆ ಇಡುತ್ತಿರಲಿಲ್ಲ.

ಅಮಾವಾಸ್ಯೆಯ ದಿನ ಸಾಂಝಿ ಗೋಡೆ ಏರಿದಳು. ಸೊಟ್ಟ ನಕ್ಷತ್ರಗಳನ್ನೂ ಅಮ್ಮಾಜಿ ಒಂದು ಬಿಡದೆ ಮೆತ್ತಿಸಿದರು. "ದೇವಿಗೆ ಹುಡುಗಿ ಕೈ ಮುಖ್ಯ" ಎಂದು ನನ್ನ ಮಗಳ ಮಣ್ಣುಗೈಗೆ ಮುತ್ತಿಟ್ಟರು. ಅದು ನಟನೆಯಲ್ಲ. ಅವರು ಹಾಲಿನ ಕೆನೆ ತೆಗೆದಿಟ್ಟು ಅವಳಿಗೆ ತಿನ್ನಿಸುತ್ತಿದ್ದರು, ಜ್ವರ ಬಂದಾಗ ನನಗಿಂತ ಹೆಚ್ಚು ಒದ್ದಾಡಿದ್ದರು. ಆ ಪ್ರೀತಿ ಕಂಡೇ ನನಗೆ ಆಮೇಲೆ ಜೀವ ಕುದಿದದ್ದು.

ನವರಾತ್ರಿ ಅರ್ಧಕ್ಕೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಸೊಸೆ ಮುಖದ ತುಂಬ ಸೆರಗು ಎಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತಳು, ಗಂಡ ಸ್ಟೀರಿಂಗ್ ಹಿಡಿದ. ಬಾಲ್ಕನಿಯಿಂದ ಮಗಳು, "ಭಾಭೀ, ಕಹಾಂ ಜಾ ರಹೀ ಹೋ?" ಎಂದು ಕೂಗಿದಳು. ಅವಳು ತಲೆಯೆತ್ತಲಿಲ್ಲ. "ಚೆಕಪ್‌ಗೆ" ಎಂದರು ಅಮ್ಮಾಜಿ.

ಮಾರನೆಯ ಸಂಜೆ ಕರೆತಂದರು. ಅಂಗಳಕ್ಕೆ ತೆರೆದುಕೊಳ್ಳುವ ಕೋಣೆಯಲ್ಲಿ ಮಲಗಿಸಿದರು. "ಮಗು ನಿಲ್ಲಲಿಲ್ಲ, ದೇವರಿಚ್ಛೆ" ಎಂದು ಅಮ್ಮಾಜಿ ಕಣ್ಣೊರೆಸಿಕೊಂಡರು. ನಾನು ಮೆಣಸಿನ ಸಾರು ಮಾಡಿ ಕೊಂಡೊಯ್ದೆ. ಸೊಸೆ ಎರಡು ಗುಟುಕು ಕುಡಿದು ಗೋಡೆ ಕಡೆ ತಿರುಗಿದಳು. ಹೊರಗೆ ಅದೇ ಹೊತ್ತಿಗೆ ನನ್ನ ಮಗಳು ಸಾಂಝಿಗೆ ಆರತಿ ಎತ್ತಿ, ಅರ್ಧಂಬರ್ಧ ಕಲಿತ ಹಾಡನ್ನು ಕಿರುಚಿ ಹಾಡುತ್ತಿದ್ದಳು. ಹೋಗಿ ಬಾಯಿ ಮುಚ್ಚಿಸೋಣವೆನ್ನಿಸಿತು. ಸೊಸೆಯೇ, "ಹಾಡಲಿ ಬಿಡಿ" ಎಂದಳು.

ಮೇಲೆ ಬಂದು ಗಂಡನ ಮೇಲೆ ಹರಿಹಾಯ್ದೆ. "ಕಂಡೋರ ಮನೆ ವಿಷಯ ಕಣೇ. ನಿಜವಾಗ್ಲೂ ಏನಾಯ್ತು ಅಂತ ನಮಗೇನು ಗೊತ್ತು?" ಎಂದರು. ಗೊತ್ತಿರಲಿಲ್ಲ, ನಿಜ. ಕೇಳುವ ಹಾಗೂ ಇಲ್ಲ, ಸುಮ್ಮನಿರುವ ಹಾಗೂ ಇಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಪಾಡು.

ಅಷ್ಟಮಿ ಬಂತು. ಆ ದಿನ ಅಲ್ಲಿ ಪುಟ್ಟ ಹುಡುಗಿಯರನ್ನು ಮನೆಗೆ ಕರೆದು, ಕಾಲು ತೊಳೆದು, ದೇವಿಯೆಂದು ಪೂಜಿಸಿ ಹಲ್ವಾ, ಪೂರಿ, ಕಡಲೆ ಬಡಿಸುತ್ತಾರೆ. ಕಂಜಕ್ ಎನ್ನುತ್ತಾರೆ. ಒಂಬತ್ತು ಹುಡುಗಿಯರಾದರೆ ಶ್ರೇಷ್ಠ. ಅಮ್ಮಾಜಿ ಬೆಳಗಿನಿಂದ ಗಲ್ಲಿ ಗಲ್ಲಿ ಅಲೆದರು. ಇದ್ದ ಕೆಲವೇ ಹುಡುಗಿಯರಿಗೆ ಮನೆ ಮನೆಯಲ್ಲೂ ಕರೆ. ಒಂದು ಪೂರಿ ಕಚ್ಚಿ ಮುಂದಿನ ಬಾಗಿಲಿಗೆ ಓಡುತ್ತಿದ್ದರು. ಕೊನೆಗೆ ನನ್ನ ಮಗಳನ್ನೂ ಸೇರಿಸಿ ಐದು ಜನ ಸಿಕ್ಕರು. ಅಂಗಳದಲ್ಲಿ ಸಾಲಾಗಿ ಕೂರಿಸಿದರು. ಸೊಸೆ ಎದ್ದು ಬಂದು ಒಲೆಯ ಮುಂದೆ ಪೂರಿ ಲಟ್ಟಿಸುತ್ತಿದ್ದಳು, ಮುಖ ಸುಣ್ಣದ ಹಾಗೆ ಬಿಳಿಚಿತ್ತು. "ನಾನು ಮಾಡ್ತೀನಿ, ಏಳು" ಎಂದರೆ ಕೇಳಲಿಲ್ಲ.

ಅಮ್ಮಾಜಿ ಹಿತ್ತಾಳೆ ಪರಾತದಲ್ಲಿ ನನ್ನ ಮಗಳ ಕಾಲಿಟ್ಟು ನೀರು ಹೊಯ್ಯುತ್ತ ಗೊಣಗಿದರು. "ನಮ್ಮ ಕಾಲದಲ್ಲಿ ಅಂಗಳ ಸಾಲುತ್ತಿರಲಿಲ್ಲ, ಅಷ್ಟು ಹುಡುಗಿಯರು. ಈಗ ಊರೆಲ್ಲ ಸುತ್ತಿದರೂ ಒಂಬತ್ತು ಸಿಗಲ್ಲ. ಎಲ್ಲಿಗೆ ಹೋದವೋ ಎಲ್ಲ?"

ಲಟ್ಟಣಿಗೆಯ ಸದ್ದು ನಿಂತಿತು.

"ಒಬ್ಬಳಿದ್ದಳಲ್ಲ, ಅಮ್ಮಾಜಿ" ಎಂದಳು ಸೊಸೆ. ದನಿ ಏರಿಸಲಿಲ್ಲ. "ಮೊನ್ನೆವರೆಗೂ ಇದ್ದಳು. ಅವಳಿಗೆ ಮುಂಚೆ ಇನ್ನೊಬ್ಬಳಿದ್ದಳು."

ಅಮ್ಮಾಜಿ ತಲೆಯೆತ್ತಲಿಲ್ಲ. ನನ್ನ ಮಗಳ ಕಾಲನ್ನು ಬಿಡಲೂ ಇಲ್ಲ.