ಚಲುವಮ್ಮ ಮೂಸಿದ ಗೋಡೆ

ನಮ್ಮ ಬಾಡಿಗೆ ಮನೆಗೆ ಬಂದ ಚಲುವಮ್ಮ ಮೊದಲು ಮಾಡಿದ ಕೆಲಸ, ಮಲಗುವ ಕೋಣೆಯ ಕಪ್ಪಾದ ಗೋಡೆಗೆ ಮೂಗು ತಾಗಿಸಿ ಮೂಸಿದ್ದು.

"ಇದು ಮೇಲ್ಮೇಲಿನ ಬೂಷ್ಟಲ್ಲ ಕಣವ್ವ. ಗೋಡೆ ಒಳಗಿಂದ ನೀರು ಕುಡೀತಾ ಐತೆ."

ಹನ್ನೊಂದು ತಿಂಗಳಿಂದ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುತ್ತಿದ್ದೆ. ಉಜ್ಜಿದ ವಾರಕ್ಕೇ ಮತ್ತೆ ಬರುತ್ತಿತ್ತು. ಮೂರು ವರ್ಷದ ಮಗಳಿಗೆ ಉಬ್ಬಸ. ಅವಳ ಎದೆ ಸಿಳ್ಳೆ ಹಾಕಿದರೂ ನನಗೆ ಭಯ, ಸುಮ್ಮನಿದ್ದರೂ ಭಯ. ಆ ಕೋಣೆಯಲ್ಲಿ ಮಲಗಿಸಬೇಡಿ ಅಂತ ಡಾಕ್ಟರು ಚೀಟಿಯಲ್ಲೇ ಬರೆದಿದ್ದರು. ಇರುವುದು ಎರಡೇ ಕೋಣೆ, ಎರಡಕ್ಕೂ ಅದೇ ಗೋಡೆ. ಬಿಟ್ಟು ಹೋಗೋಣವೆಂದರೆ ಕರಾರು ಮುಗಿಯದೆ ಮುಂಗಡ ಕೊಡಲ್ಲ ಅಂತ ಮಾಲೀಕ ಕರಿಬಸವಯ್ಯ ಹೇಳಿಬಿಟ್ಟಿದ್ದರು.

ಅವರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ನಮ್ಮ ಗೋಡೆಯ ಆಚೆಗೇ ಅವರ ದಾಸ್ತಾನು ಕೊಠಡಿ. ಮೂರು ಸಲ ಹೋಗಿ ಹೇಳಿದ್ದೆ. "ನೀವು ಮೈಸೂರಿನವರು, ಕಿಟಕಿ ಮುಚ್ಕೊಂಡು ಒಳಗೇ ಬಟ್ಟೆ ಒಣಗಿಸ್ತೀರಿ. ಇನ್ನೇನಾಗುತ್ತೆ?" ಅಂತ ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತೆ.

ಚಲುವಮ್ಮ ಹಾರನಹಳ್ಳಿಯವರು. ಇಪ್ಪತ್ತೆರಡು ವರ್ಷ ಮಂಡಿಗಳಲ್ಲಿ ಕೊಬ್ಬರಿ ಆರಿಸಿದವರು. ಕೆಟ್ಟ ಕೊಬ್ಬರಿಯ ಬೂಷ್ಟಿನ ಧೂಳಿನಲ್ಲೇ ಕೂತು ಜೊತೆಗಾತಿ ಜಾನಕಮ್ಮ ಕೆಮ್ಮಿ ಕೆಮ್ಮಿ ಮೂಲೆ ಹಿಡಿದಾಗ, ಯಾರ ಹತ್ತಿರ ದೂರು ಹೇಳಬೇಕೆಂದೇ ಇವರಿಗೆ ತಿಳಿಯಲಿಲ್ಲವಂತೆ. ಆ ಸಿಟ್ಟಿಗೆ ನಲವತ್ತನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದರು. ಈಗ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿ; ಮನೆಮನೆ ಸುತ್ತಿ ಕಷ್ಟ ಕೇಳುತ್ತಾ ನಮ್ಮಲ್ಲಿಗೂ ಬಂದಿದ್ದರು.

"ಹೆಂಗಸರಿಗೆ ವಕೀಲರನ್ನ ಸರ್ಕಾರವೇ ಕೊಡ್ತದೆ. ಆದಾಯ ಗೀದಾಯ ಕೇಳಂಗಿಲ್ಲ. ಬರೀರವ್ವ ಅರ್ಜಿಯ," ಅಂದರು. ಎಂಎಸ್ಸಿ ಓದಿದ ನನಗೆ ಇಷ್ಟು ಗೊತ್ತಿರಲಿಲ್ಲ! ಆ ಹನ್ನೊಂದು ತಿಂಗಳು ಯಾರು ವಾಪಸ್ ಕೊಡುತ್ತಾರೆ?

ಸಮಿತಿಯ ಕಚೇರಿಯಲ್ಲಿ ಎರಡೂ ಕಡೆಯವರನ್ನು ಕೂರಿಸಿದರು. ನಮಗೆ ಕೊಟ್ಟ ವಕೀಲರು ಮೀನಾಕ್ಷಿ. ಕರಿಬಸವಯ್ಯ ಬಂದವರೇ ಚಲುವಮ್ಮನನ್ನು ನೋಡಿದರು.

"ಏನೇ ಚಲುವಿ, ನನ್ನ ಮಂಡೀಲಿ ಕೊಬ್ಬರಿ ಆರಿಸ್ತಿದ್ದೋಳು ಲಾಯರಾಗ್ಬಿಟ್ಯಾ?"

"ಈಗ್ಲೂ ಆರಿಸೋ ಕೆಲ್ಸಾನೇ ಸ್ವಾಮಿ. ಕೆಟ್ಟಿದ್ದನ್ನ ಪಕ್ಕಕ್ಕೆ ಹಾಕೋದು."

ಅವರ ವಾದ ಒಂದೇ: ಇವರು ಬರೋಕೆ ಮುಂಚೆ ಗೋಡೆ ಒಣಗಿತ್ತು, ಕೆಡಿಸಿದ್ದು ಇವರೇ. ಹಾಗಲ್ಲ ಅಂತ ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ. ಡಾಕ್ಟರ ಚೀಟಿಯೊಂದನ್ನೇ ಮೇಜಿನ ಮೇಲಿಟ್ಟೆ. ಆಗ ಚಲುವಮ್ಮ ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು, "ಅಂಗಾದ್ರೆ ಆ ಕಡೆ ಗೋಡೆಗೊರಗಿಸಿರೋ ಕೊಬ್ಬರೀನೂ ಬೂಷ್ಟೇಯ. ಪಾಪ, ಅದನ್ನೇ ಮಾರ್ತಾವ್ರೆ."

ಕೊಬ್ಬರಿ ವ್ಯಾಪಾರಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಕರಿಬಸವಯ್ಯ ಕುರ್ಚಿ ತಳ್ಳಿ ಎದ್ದರು.

"ಯಾವನೇ ಹೇಳಿದ್ದು? ಹೋದ ವರ್ಷ ಆಯುಧಪೂಜೆಗೆ ಮುಂಚೇನೇ ಆ ಗೋಡೆಯಿಂದ ದೂರ ತೆಗೆಸಿದೀನಿ! ಗೋಡೆಯೊಳಗಿನ ಪೈಪು ಸೋರಿದ್ರೆ ಬೂಷ್ಟು ಹಿಡಿಯುತ್ತೆ ಅಂತ ನಂಗೊತ್ತಿಲ್ವಾ? ಮೂವತ್ತು ವರ್ಷದಿಂದ ವ್ಯಾಪಾರ ಮಾಡ್ತಿದೀನಿ!"

ಮೀನಾಕ್ಷಿ ಮೇಡಂ ಆ ಮಾತನ್ನು ಬರೆದುಕೊಂಡರು. ನಾವು ಆ ಮನೆಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಗೊತ್ತಿತ್ತು ಆ ಮನುಷ್ಯನಿಗೆ! ಕೊಬ್ಬರಿಗೆ ಆಗದ ಗೋಡೆ ಅಂತ ಗೊತ್ತಿದ್ದೂ ಅದರ ಪಕ್ಕ ನನ್ನ ಮಗುವನ್ನು ಮಲಗಿಸಲು ಬಿಟ್ಟರು.

ಆಮೇಲೆ ಅವರ ದನಿ ಇಳಿಯಿತು. ಹದಿನೈದು ದಿನದಲ್ಲಿ ಪೈಪು ಬದಲಾಯಿಸಿ ಗಾರೆ ಕೆತ್ತಿಸಿ ಕೊಡ್ತೀನಿ ಅಂದರು.

"ಕೊಬ್ಬರಿ ತೆಗೆಸೋಕೆ ಎಷ್ಟು ದಿನ ಆಯ್ತು ಸ್ವಾಮಿ?" ಚಲುವಮ್ಮ ಕೇಳಿದರು.

ಕರಿಬಸವಯ್ಯ ಗೋಡೆ ಗಡಿಯಾರ ನೋಡಿದರು. "ಒಂದು ದಿನ."

"ಮಗೀಗೂ ಅಷ್ಟೇ ಬರ್ಕೊಳಿ ಮೇಡಂ."

ಹಾಗೇ ಬರೆದರು. ಗೋಡೆ ಒಣಗುವವರೆಗೆ ಕರಿಬಸವಯ್ಯನವರ ಸ್ವಂತ ಮನೆಯ ಮಹಡಿ ಕೋಣೆ ನಮಗೆ, ಅವತ್ತು ಸಂಜೆಯಿಂದಲೇ. ಸಹಿ ಹಾಕುವಾಗ ಅವರು ನನ್ನ ಮುಖ ನೋಡಲಿಲ್ಲ. ಮಗಳ ಉಬ್ಬಸದ ಪಂಪು ಇನ್ನೂ ಆರು ತಿಂಗಳು ಬಿಡುವ ಹಾಗಿಲ್ಲ.

"ನನಗೆ ಸಿಟ್ಟು ಇಳೀತಾನೇ ಇಲ್ಲ ಚಲುವಮ್ಮ," ಅಂದೆ ಹೊರಗೆ ಬಂದು.

"ಯಾಕಿಳೀಬೇಕು? ಇಟ್ಕೊಳಿ. ನಾಳೆ ಗಾರೆಯವರು ಬರದಿದ್ರೆ ಬೇಕಾಯ್ತದೆ," ಅಂದು ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದರು.