ಕಿಟಕಿಯ ಸಂದಿನ ಚಿಂದಿ

ಕಿರ್ರ್, ಟಕ್. ಆ ಹೊಲಿಗೆ ಕೋಣೆಯಲ್ಲಿ ದಿನದ ಮೊದಲ ಸದ್ದು ಯಂತ್ರದ್ದಲ್ಲ, ಕಿಟಕಿಯ ಚಿಲಕದ್ದು. ಅದನ್ನು ಹಾಕುತ್ತಿದ್ದವಳು ಗುಂಡಿಯಕ್ಕ. ಅಂಗಿಗಳಿಗೆ ಗುಂಡಿ ಹಚ್ಚಿ ಹಚ್ಚಿ ಅವಳ ಸ್ವಂತ ಹೆಸರು ಸವೆದುಹೋಗಿತ್ತು. ಮಾಲೀಕರ ಬಾಯಲ್ಲೂ ಅವಳು ಗುಂಡಿಯಕ್ಕನೇ.

ಮಹಡಿಯ ಮೇಲಿನ ಆ ಉದ್ದನೆಯ ಕೋಣೆಯಲ್ಲಿ ಹೊಲಿಯುತ್ತಿದ್ದದ್ದು ಬರೀ ಬಿಳಿ ಅಂಗಿ. ಎದುರಿಗೇ ಬಣ್ಣದ ಕಾರ್ಖಾನೆಯ ಚಿಮಣಿ. ಬೇಸಿಗೆಯಲ್ಲಿ ಅದರ ಹೊಗೆ ತನ್ನ ಪಾಡಿಗೆ ತಾನು ಮೇಲೆ ಹೋಗುತ್ತಿತ್ತು. ಚಳಿಗಾಲ ಬಂತೆಂದರೆ ಗಾಳಿ ಸತ್ತುಬೀಳುತ್ತಿತ್ತು. ಚಿಮಣಿಯ ಹೊಗೆ, ಲಾರಿಗಳ ಧೂಳು, ಕಸ ಸುಟ್ಟ ಕಮಟು ಎಲ್ಲ ಕೂಡಿ ಒದ್ದೆ ಕಂಬಳಿಯ ಹಾಗೆ ಬೀದಿಯ ಮೇಲೆ ಕವಿದು ಕೂರುತ್ತಿತ್ತು. ಬಿಳಿ ಬಟ್ಟೆಗೆ ಎಳ್ಳಷ್ಟು ಮಸಿ ತಾಗಿದರೂ ಅಂಗಿ ವಾಪಸ್ಸು. ಹಾಗಾಗಿ ಕಿಟಕಿ ಕಾಯುವ ಕೆಲಸ ಅದರ ಪಕ್ಕ ಕೂರುವ ಗುಂಡಿಯಕ್ಕನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಮುಚ್ಚುವುದು, ಮಧ್ಯಾಹ್ನ ಬಿಸಿಲೇರಿ ಹೊಗೆ ತುಸು ಎದ್ದಾಗ ಬಟ್ಟೆಗಳಿಗೆ ಮುಸುಕು ಹೊದಿಸಿ ಒಂದಿಷ್ಟು ಹೊತ್ತು ತೆರೆಯುವುದು, ಮತ್ತೆ ಮುಚ್ಚುವುದು.

ಈ ಚಳಿಗಾಲ ಅವಳಿಗೊಂದು ಉಪಾಯ ಹೊಳೆಯಿತು. ಕತ್ತರಿಸಿ ಉಳಿದ ಚಿಂದಿಯನ್ನು ಬತ್ತಿಯಂತೆ ಹೊಸೆದು ಕಿಟಕಿಯ ಸಂದುಗಳಿಗೆಲ್ಲ ತುರುಕಿದಳು. ಮಸಿ ನಿಂತೇ ಹೋಯಿತು.

"ಗುಂಡಿಯಕ್ಕಾ, ಕಿಟಕೀಗೂ ಗುಂಡಿ ಹಾಕಿಬಿಟ್ಟೆಯಲ್ಲ!" ಎಂದು ಕಟಿಂಗ್ ಮಾಸ್ಟರು ನಕ್ಕರು.

ಅವಳಿಗೆ ಹಿಗ್ಗೋ ಹಿಗ್ಗು. ಮಧ್ಯಾಹ್ನ ಅಷ್ಟು ಚಿಂದಿಯನ್ನು ಕೀಳುವವರು ಯಾರು, ಮತ್ತೆ ತುರುಕುವವರು ಯಾರು? ಕಿಟಕಿ ದಿನವಿಡೀ ಮುಚ್ಚಿಯೇ ಉಳಿಯಿತು.

ಕಾಲರು ಹೊಲಿಯುವ ಯಂತ್ರದಲ್ಲಿ ಅವಳ ತಂಗಿ ಕೂರುತ್ತಿದ್ದಳು. ತಾಯಿಯಿಲ್ಲದ ಆ ಕೂಸನ್ನು ಎತ್ತಿ ಆಡಿಸಿದ್ದು ಗುಂಡಿಯಕ್ಕನೇ; ತನಗೆ ಮಕ್ಕಳಾಗದ ಕೊರಗನ್ನು ಅವಳಲ್ಲೇ ತೀರಿಸಿಕೊಂಡಿದ್ದಳು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ತಂಗಿ ಈಗ ಬಸುರಿ, ಆರು ತಿಂಗಳು ತುಂಬಿ ಏಳು ನಡೆಯುತ್ತಿತ್ತು. ಗುಂಡಿಯಕ್ಕ ಮೆತ್ತನೆಯ ಚೂರುಗಳನ್ನು ಆರಿಸಿ ಆಗಲೇ ಒಂದು ಕುಲಾವಿ ಹೊಲಿದಿಟ್ಟಿದ್ದಳು.

"ಕೂಸು ಹುಟ್ಟೋ ಮುಂಚೇನೇ ಕುಲಾವಿ ಅಂತ ಜನ ನಗ್ತಾರೆ ಕಣಕ್ಕ."

"ನಗಲಿ ಬಿಡೆ. ಆ ಗಾದೆ ಕಟ್ಟಿದೋನಿಗೆ ಹೊಲಿಗೆ ಬರ್ತಿರಲಿಲ್ಲ."

ಮೊದಲು ಕೆಮ್ಮಿದವನು ಇಸ್ತ್ರಿಯವನು. "ಏನಿಲ್ಲ, ಹೊಗೆ ಅಷ್ಟೆ," ಎಂದ. ಎಲ್ಲರ ಗಂಟಲೂ ಕೆರೆಯುತ್ತಲೇ ಇತ್ತು, ಎಲ್ಲರೂ ನಂಬಿದರು. ಮಾರನೆಯ ದಿನ ಅವನ ಮೈ ಅವನ ಇಸ್ತ್ರಿಪೆಟ್ಟಿಗೆಯಷ್ಟೇ ಕಾದಿತ್ತು. ವಾರ ಕಳೆಯುವುದರೊಳಗೆ ಕೋಣೆಯ ಅರ್ಧದಷ್ಟು ಯಂತ್ರಗಳು ಮುಸುಕು ಹೊದ್ದು ಕೂತವು. ತಂಗಿಯದೂ.

ಆಸ್ಪತ್ರೆಯಲ್ಲಿ ತಂಗಿಯ ಎದೆ ದಮ್ಮು ಕಟ್ಟಿ ಏರಿಳಿಯುತ್ತಿತ್ತು. ವೈದ್ಯೆ ಚಿಕ್ಕ ಪ್ರಾಯದವಳು, ನಿದ್ದೆಗೆಟ್ಟ ಕಣ್ಣಿನವಳು.

"ಇನ್‌ಫ್ಲುಯೆಂಜಾ ಅಮ್ಮ. ಬಸುರಿಯರಿಗೆ ಇದರ ಕಾಟ ಜಾಸ್ತಿ. ಚಳಿ, ಒಣ ಗಾಳಿ ಇದ್ರೆ ಈ ವೈರಸ್ ಹೆಚ್ಚು ಹೊತ್ತು ಬದುಕುತ್ತೆ. ಹೊಗೆ ಕುಡಿದು ಕುಡಿದು ಗಂಟಲು, ಎದೆ ಮೊದಲೇ ಸೋತಿರುತ್ತೆ. ನೀವು ಕೆಲಸ ಮಾಡೋ ಕಡೆ ಗಾಳಿ ಆಡುತ್ತಾ?"

ಗುಂಡಿಯಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. "ಕಿಟಕಿ ತೆಗೆದ್ರೆ ಹೊಗೆ ಬರುತ್ತಲ್ಲಮ್ಮ?"

"ಬರುತ್ತೆ. ಮುಚ್ಚಿಟ್ರೆ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳ್ಕೋಬೇಕು. ಹೊಗೆ ಕಮ್ಮಿ ಇರೋ ಹೊತ್ತಲ್ಲಾದ್ರೂ ತೆಗೀಬೇಕು."

ಅತ್ತ ದರಿ, ಇತ್ತ ಪುಲಿ. ಆದರೆ ನಡುವೆ ಒಂದು ಕಾಲುದಾರಿ ಇತ್ತು. ಹೊಗೆ ಏಳುವ ಆ ಹೊತ್ತು ಯಾವುದೆಂದು ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ತನಗೇ.

ತಂಗಿಯನ್ನು ಉಸಿರಾಟದ ಯಂತ್ರಕ್ಕೆ ಹಾಕಿದರು. ತಿಂಗಳು ತುಂಬದೆ ಹೊರಬಂದ ಗಂಡುಕೂಸು ಒಂದು ಹಗಲು ಕಷ್ಟಪಟ್ಟು ಉಸಿರಾಡಿ, ಸಾಕು ಮಾಡಿತು. ತಂಗಿ ಉಳಿದಳು. ಸಂಜೆಗೆ ಎಚ್ಚರವಾಗುತ್ತದೆ, ಎದ್ದರೆ ಮೊದಲು ಕೂಸನ್ನೇ ಕೇಳುತ್ತಾಳೆ ಎಂದರು. ತಂಗಿಯ ಗಂಡ ಗೋಡೆಗೆ ಮುಖ ಮಾಡಿ ಕೂತುಬಿಟ್ಟಿದ್ದ. ಹೇಳಬೇಕಾದವಳು ಗುಂಡಿಯಕ್ಕ.

ಮಧ್ಯಾಹ್ನ ಅವಳು ಕಾರಿಡಾರಿನಿಂದ ಎದ್ದು ನೇರ ಹೊಲಿಗೆ ಕೋಣೆಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಕಿಟಕಿಯ ಬಳಿ ನಿಂತು ಚಿಂದಿ ಕೀಳತೊಡಗಿದಳು. ಎಷ್ಟು ಬಿಗಿಯಾಗಿ ತುರುಕಿದ್ದಳೆಂದರೆ ಸೂಜಿಯಿಂದ ಕೆದಕಬೇಕಾಯಿತು.

"ಏನಕ್ಕಾ ಇದು? ಮಾಲೆಲ್ಲ ಹರವಿದೆ, ಮಸಿ ಬೀಳುತ್ತೆ!" ಎಂದು ಮಾಸ್ಟರು ಓಡಿಬಂದರು.

"ಮುಸುಕು ಹೊದಿಸಿ ಮಾಸ್ಟ್ರೇ. ಬಟ್ಟೆ ಒಗೆದ್ರೆ ಬೆಳ್ಳಗಾಗುತ್ತೆ."

ಟಕ್, ಕಿರ್ರ್. ಬೆಳಗಿನ ಸದ್ದು ತಲೆಕೆಳಗಾಗಿ ಕೇಳಿಸಿತು. ತಣ್ಣನೆಯ ಗಾಳಿ ಒಳಗೆ ಬಂತು. ಅದರ ಜೊತೆ ಒಂದು ಚೂರು ಮಸಿ ತೇಲಿ ಬಂದು ಮೇಜಿನ ಮೇಲಿನ ಬಿಳಿ ಕಾಲರಿನ ಮೇಲೆ ಕೂತಿತು. ಅವಳು ಅದನ್ನು ಕೊಡವಲಿಲ್ಲ. ತನ್ನ ಮೇಜಿನ ಖಾನೆ ಎಳೆದು ಕುಲಾವಿ ತೆಗೆದಳು, ಮಡಿಚಿ ಚೀಲದ ತಳಕ್ಕೆ ಹಾಕಿಕೊಂಡಳು.

ಮಾಸ್ಟರ ದನಿ ಮೆತ್ತಗಾಯಿತು. "ಆಯ್ತು ಬಿಡು, ದಿನಾ ಈ ಹೊತ್ತಿಗೆ ತೆಗೆಯೋಣ. ಕೂತ್ಕೋ, ನೀರು ಕುಡಿ. ತಂಗಿ ಹೇಗಿದ್ದಾಳೆ? ಉಸಿರಾಟ ಸರಿ ಹೋಯ್ತಾ?"

"ಸರಿ ಹೋಯ್ತು."

"ಸದ್ಯ! ನೋಡು, ಇನ್ನೇನು, ಕೂಸೂ ಗಟ್ಟಿಯಾಗಿ..."

ಗುಂಡಿಯಕ್ಕ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.